ನಮ್ಮಾಕೆಯ ಆಲ್ಟೋದಲ್ಲಿ ತುಮಕೂರಿನಿಂದ ಬೀದರ್‌ಗೆ

ಹೋದ ವಾರ ಬೀದರ್‌ವರೆಗೆ ಕಾರು ಓಡಿಸಿಕೊಂಡು ಹೋಗಿ ವಾಪಸ್ ಬಂದೆ. ಒಬ್ಬನೇ. ವಯಸ್ಸು ಎಪ್ಪತ್ತು ದಾಟಿದೆ. ಬೆಳಿಗ್ಗೆ ವಾಕಿಂಗಿನಲ್ಲಿ ಸಿಕ್ಕವರೆಲ್ಲ ತಡೆದು ನಿಲ್ಲಿಸಿ ಕೇಳುತ್ತಿದ್ದಾರೆ. ಈ ವಯಸ್ಸಿನಲ್ಲಿ ಲೈಸೆನ್ಸ್ ಹೇಗೆ ಕೊಟ್ಟರು, ತೀರಿಕೊಂಡವರ ಹೆಸರಿನಲ್ಲಿದ್ದ ಕಾರು ನಿಮ್ಮ ಹೆಸರಿಗೆ ಹೇಗೆ ಬಂತು, ಎಷ್ಟು ಖರ್ಚಾಯ್ತು, ರಾತ್ರಿ ಎಲ್ಲಿ ಮಲಗಿದಿರಿ. ನನ್ನ ಹಾಗೇ ಜೊತೆಗಾರ್ತಿಯನ್ನು ಕಳೆದುಕೊಂಡ ಇಬ್ಬರು ಮಾತ್ರ ಮನೆಗೇ ಬಂದು ಪೇಪರ್ ಪೆನ್ನು ಹಿಡಿದು ಕೂತರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕಾದವರು ಕಾಗದ ಪತ್ರದ ಭಾಗ ಮಾತ್ರ ಓದಿಕೊಳ್ಳಿ.

ನಮ್ಮಾಕೆ ಪ್ರೈಮರಿ ಶಾಲೆ ಟೀಚರ್. ಗುಬ್ಬಿ ತಾಲ್ಲೂಕಿನ ಹಳ್ಳಿಗೆ ದಿನಾ ಎರಡು ಬಸ್ ಬದಲಾಯಿಸಿ ಹೋಗಿ ಬಂದು ಸಾಕಾಗಿ, 2014ರಲ್ಲಿ ತಾನೇ ಬ್ಯಾಂಕ್ ಸಾಲ ಮಾಡಿ ಆಲ್ಟೋ ತಗೊಂಡಳು. ಡ್ರೈವಿಂಗ್ ಕಲಿತಿದ್ದೂ ಆಗಲೇ. ನಾನು ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವನು, ವಿಆರ್‌ಎಸ್ ತಗೊಂಡು ಮನೆ ಸೇರಿದ್ದೆ. 2016ರಲ್ಲಿ ವಾಚ್ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ಲೈಸೆನ್ಸ್ ನನ್ನ ಹತ್ತಿರವೂ ಇತ್ತು. ಆದರೆ ಕಾರು ಅವಳದು, ಸ್ಟೀರಿಂಗೂ ಅವಳದು. ನಾನು ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ ಹಿಡಿದು ಕೂರುವವನು, ಟೋಲ್ ಬಂದಾಗ ಚಿಲ್ಲರೆ ಎಣಿಸುವವನು.

2024ರ ಮಳೆಗಾಲದಲ್ಲಿ ಅವಳು ಹೋದಳು. ಅದರ ವಿವರ ಇಲ್ಲಿ ಬೇಡ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಕಾರು ಮಾರಿಬಿಡೋಣ ಅಂತಲೇ ಅಂದುಕೊಂಡೆ. ಹಳೇ ಕಾರು ಕೊಳ್ಳುವ ಹುಡುಗ ಬಂದು, ಬಾನೆಟ್ ಎತ್ತಿ ನೋಡಿ, ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಕೇಳಿದ. ನೋಡಿದವನೇ ವಾಪಸ್ ಕೊಟ್ಟ. "ಅಂಕಲ್, ಇದು ಆಂಟಿ ಹೆಸರಲ್ಲಿದೆ. ಅವರಿಲ್ಲ ಅಂದ್ಮೇಲೆ ಸಹಿ ಯಾರು ಹಾಕ್ತಾರೆ? ಮೊದಲು ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಆಮೇಲೆ ಮಾತಾಡೋಣ" ಅಂದ. ಅಲ್ಲಿಂದ ಶುರುವಾಯಿತು.

ಗಮನಿಸಿ. ವಾಹನದ ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ವಾರಸುದಾರರು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬೇಕು. ಮಾರಾಟಕ್ಕೆ ಬೇರೆ ಫಾರಂ, ಇದಕ್ಕೆ ಫಾರಂ 31. ಇನ್ಶೂರೆನ್ಸ್ ಕೂಡ ಅಷ್ಟೇ. ತೀರಿಕೊಂಡ ದಿನದಿಂದ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಹಳೇ ಪಾಲಿಸಿ ನಡೆಯುತ್ತದೆ. ದುಃಖದಲ್ಲಿ ಇರುವವರಿಗೆ ಮೂರು ತಿಂಗಳು ಅನ್ನುವುದು ಏನೇನೂ ಅಲ್ಲ. ಮನೆಯಲ್ಲಿ ಸ್ವಲ್ಪ ಗಟ್ಟಿ ಮನಸ್ಸಿನವರು ಯಾರಿದ್ದಾರೋ ಅವರಿಗೆ ಈ ಕೆಲಸ ವಹಿಸಿ. ನಮ್ಮಲ್ಲಿ ಮಗಳು ಆ ಹೊಣೆ ಹೊತ್ತಳು. ಅವಳಿರುವುದು ಬೆಂಗಳೂರಿನಲ್ಲಿ. ಶನಿವಾರ ಶನಿವಾರ ಬಂದು ಫೈಲ್ ಜೋಡಿಸಿ ಹೋಗುತ್ತಿದ್ದಳು.

ಮೊದಲು ಬೇಕಾಗೋದು ಮರಣ ಪ್ರಮಾಣ ಪತ್ರ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಸರ್ಕಾರದ ಜನನ ಮರಣ ನೋಂದಣಿ ವೆಬ್‌ಸೈಟ್ ಇ-ಜನ್ಮದಲ್ಲಿ ಸಿಗುತ್ತದೆ. ಒಂದೇ ಪ್ರತಿ ತಗೊಂಡು ಬರಬೇಡಿ, ಕಡಿಮೆ ಅಂದರೂ ಆರೇಳು ಇರಲಿ. ಬ್ಯಾಂಕು, ಪೆನ್ಷನ್, ಎಲ್‌ಐಸಿ, ಗ್ಯಾಸ್, ಕರೆಂಟು, ಎಲ್ಲರೂ ಕೇಳುತ್ತಾರೆ. ಆಮೇಲೆ ವಂಶವೃಕ್ಷ, ವಾರಸುದಾರರು ಯಾರ್‍ಯಾರು ಅಂತ ತೋರಿಸುವ ಪತ್ರ. ಇದಕ್ಕೆ ನಾಡಕಚೇರಿ. ಅರ್ಜಿಯ ಜೊತೆ ನೋಟರಿ ಮಾಡಿಸಿದ ಅಫಿಡವಿಟ್, ಮನೆಯವರೆಲ್ಲರ ಆಧಾರ್. ಗ್ರಾಮ ಆಡಳಿತ ಅಧಿಕಾರಿ ಮನೆ ಹತ್ತಿರ ವಿಚಾರಿಸುತ್ತಾರೆ, ಅಕ್ಕಪಕ್ಕದವರು ಮಹಜರಿಗೆ ಸಹಿ ಹಾಕಬೇಕು. ನಮ್ಮ ಪಕ್ಕದ ಮನೆ ಯಜಮಾನರು ಸಹಿ ಹಾಕಿ, ಕನ್ನಡಕ ತೆಗೆದು ಒರೆಸಿಕೊಂಡು, "ಟೀಚರಮ್ಮನ ಕಾಗದಕ್ಕೆ ಸಾಕ್ಷಿ ಹಾಕೋ ಕಾಲ ಬಂತಲ್ಲಪ್ಪ" ಅಂದರು. ಅಷ್ಟು ದಿನ ಹೇಗೋ ತಡೆದುಕೊಂಡಿದ್ದೆ, ಅವತ್ತು ಆಗಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಾಗ. ಆಮೇಲೆ ಎರಡು ಕಡೆ ಗಾಡಿ ನಿಂತಿತು.

ಮೊದಲನೆಯದು ಹೆಸರು. ಆರ್‌ಸಿಯಲ್ಲಿ ಇದ್ದಿದ್ದು ಅವಳ ತವರಿನ ಇನಿಷಿಯಲ್, ಸರ್ವೀಸ್ ರಿಜಿಸ್ಟರಿನಲ್ಲಿ ಇದ್ದ ಹಾಗೆ. ಆಧಾರ್‌ನಲ್ಲಿ ಹೆಸರಿನ ಹಿಂದೆ ನನ್ನ ಹೆಸರು. ಮರಣ ಪತ್ರ ಆಧಾರ್ ನೋಡಿ ಬರೆದಿದ್ದು. ಹಾಗಾಗಿ ಕಾಗದದ ಲೆಕ್ಕದಲ್ಲಿ ಕಾರು ಕೊಂಡವಳು ಒಬ್ಬಳು, ತೀರಿಕೊಂಡವಳು ಇನ್ನೊಬ್ಬಳು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ಜೊತೆಗೆ ಎರಡೂ ಹೆಸರು ಕಾಣುವ ಒಂದು ದಾಖಲೆ ಕೊಡಬೇಕು. ನಮಗೆ ಅವಳ ಪೆನ್ಷನ್ ಪುಸ್ತಕ ಕೈ ಹಿಡಿಯಿತು. ನಮ್ಮ ಕಡೆಯ ಹೆಣ್ಣುಮಕ್ಕಳ ಕಾಗದಗಳಲ್ಲಿ ಈ ತೊಂದರೆ ಇಲ್ಲದ ಮನೆಯೇ ಅಪರೂಪ. ಇಬ್ಬರೂ ಇರುವಾಗಲೇ ಒಂದು ಸಂಜೆ ಕೂತು ಎಲ್ಲ ಕಾರ್ಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಎರಡನೆಯದು ಸಾಲ. ಸಾಲ ತೀರಿಸಿ ಎಷ್ಟೋ ವರ್ಷವಾಗಿತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸದೆ ವರ್ಗಾವಣೆ ಆಗೋದಿಲ್ಲ. ಬ್ಯಾಂಕಿನಿಂದ ಎನ್‌ಒಸಿ, ಅಂದರೆ ಅಭ್ಯಂತರವಿಲ್ಲ ಅನ್ನುವ ಪತ್ರ, ಮತ್ತು ಸಾಲ ತೀರಿದೆ ಅಂತ ತಿಳಿಸುವ ಫಾರಂ 35 ಬೇಕು. ಬ್ಯಾಂಕಿಗೆ ಹೋದರೆ ಹಳೇ ಲೋನಿನ ಫೈಲ್ ಬೇರೆ ಊರಿನ ಕಚೇರಿಗೆ ಹೋಗಿದೆ ಅಂದರು. ಬಂತು ಅಂದರು, ಬಂದಿರಲಿಲ್ಲ. ಬೆಂಚಿನ ಮೇಲೆ ಕೂತು ಟೋಕನ್ ನಂಬರ್ ನೋಡುತ್ತಾ ಕಳೆದ ಬೆಳಗುಗಳಲ್ಲಿ ನನಗೆ ಅನ್ನಿಸಿದ್ದು ಒಂದೇ. ಮನೆಯಲ್ಲಿ ಕೂತಿದ್ದರೂ ಹೀಗೇ ಗೋಡೆ ನೋಡುತ್ತಿದ್ದೆ, ಇಲ್ಲಾದರೂ ನಾಲ್ಕು ಜನ ಇದ್ದಾರೆ. ಎನ್‌ಒಸಿ ಸಿಕ್ಕ ಮೇಲೆ ಸುಮ್ನೆ ಇಟ್ಟುಕೊಳ್ಳಬೇಡಿ, ಹಳತಾದರೆ ಹೊಸದು ತನ್ನಿ ಅನ್ನುತ್ತಾರೆ.

ಆಮೇಲೆ ಆರ್‌ಟಿಒ. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿ, ಪ್ರಿಂಟ್ ತೆಗೆದು ಮೂಲ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ವಂಶವೃಕ್ಷ, ಮಗ ಮಗಳು ಇಬ್ಬರ ಒಪ್ಪಿಗೆ ಪತ್ರ ಎಲ್ಲ ಸೇರಿಸಿ ಕೊಡಬೇಕು. ಮಗ ಇರುವುದು ಪುಣೆಯಲ್ಲಿ. ಅವನು ಅಲ್ಲೇ ನೋಟರಿ ಮಾಡಿಸಿ ಸ್ಪೀಡ್ ಪೋಸ್ಟ್ ಮಾಡಿದ. ಏಜೆಂಟರು ಗೇಟಿನಲ್ಲೇ ಸಿಗುತ್ತಾರೆ. ನನ್ನ ಹತ್ತಿರ ಒಬ್ಬ ಐದು ಸಾವಿರ ಕೇಳಿದ. ನಾವೇ ಮಾಡಿದ್ದಕ್ಕೆ ನೋಟರಿ, ಸ್ಟಾಂಪ್ ಪೇಪರ್, ಶುಲ್ಕ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಆಗಿರಬೇಕು. ಓಡಾಡಲು ಕಾಲು ಗಟ್ಟಿ ಇಲ್ಲದವರು ಏಜೆಂಟರಿಗೆ ಕೊಟ್ಟರೂ ತಪ್ಪೇನಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮೂಲ ಕಾಗದ ಕೊಡುವ ಮುಂಚೆ ಜೆರಾಕ್ಸ್ ಇಟ್ಟುಕೊಳ್ಳಿ, ಅಷ್ಟೇ.

ಹೊಸ ಕಾರ್ಡು ಪೋಸ್ಟಿನಲ್ಲಿ ಬಂದಾಗ ಮಗಳು ಕೇಳಿದಳು, "ಅಪ್ಪಾಜಿ, ಈಗ ಆ ಹುಡುಗನಿಗೆ ಫೋನ್ ಮಾಡ್ಲಾ?" ಇರಲಿ ಬಿಡು ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಾರು ಹೊದಿಕೆ ಹೊದ್ದುಕೊಂಡು ಹೊಂಗೆ ಮರದ ಕೆಳಗೆ ನಿಂತಿತ್ತು. ಒಂದು ದಿನ ಧೂಳು ಒರೆಸೋಣ ಅಂತ ಬಾಗಿಲು ತೆಗೆದು ಕೂತೆ. ಮಂಡಿ ಸ್ಟೀರಿಂಗಿಗೆ ತಗುಲಿತು. ಅವಳು ಕುಳ್ಳಿ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಓಡಿಸುತ್ತಿದ್ದಳು. ಸೀಟಿನ ಕೆಳಗಿನ ಸರಳು ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಕೊನೆಗೆ ಹಿಂದಕ್ಕೆ ಸರಿಸಿದೆ. ಕೀ ತಿರುಗಿಸಿದರೆ ಟಿಕ್ ಅಂತ ಒಂದೇ ಸದ್ದು. ಬ್ಯಾಟರಿ ಸತ್ತಿತ್ತು.

ಕಲಬುರಗಿಯಲ್ಲಿ ನನ್ನ ಫ್ಯಾಕ್ಟರಿ ಕಾಲದ ಗೆಳೆಯ ಇದ್ದಾನೆ. ಒಂದೇ ಬೆಂಚಿನಲ್ಲಿ ಎದುರು ಬದುರು ಕೂತು ವರ್ಷಗಟ್ಟಲೆ ವಾಚ್ ಜೋಡಿಸಿದವರು. ಅವಳ ಸುದ್ದಿ ಕೇಳಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಒಂದು ಸಲ ಬೈದೇಬಿಟ್ಟ. "ಬರ್ತೀನಿ ಬರ್ತೀನಿ ಅಂತ ಹೇಳ್ಕೋತ ಇಪ್ಪತ್ತು ವರ್ಷ ಆತು. ಇನ್ನ ನಾನೂ ಹೋದ ಮ್ಯಾಲೆ ಬರ್ತೀಯೇನು?" ಫೋನ್ ಇಟ್ಟ ಮೇಲೆ ನಕ್ಷೆ ನೋಡಿದೆ. ನಮ್ಮೂರಿನ ಹೊರಗೆ ಹಾದು ಹೋಗುವ 48ನೇ ಹೆದ್ದಾರಿಯಲ್ಲಿ ಚಿತ್ರದುರ್ಗದವರೆಗೆ ಹೋಗಿ, ಅಲ್ಲಿ 50ನೇ ಹೆದ್ದಾರಿ ಹಿಡಿದರೆ ಹೊಸಪೇಟೆ, ವಿಜಯಪುರ, ಕಲಬುರಗಿ ಮೇಲೆ ಬೀದರ್‌ವರೆಗೂ ಅದೇ ರಸ್ತೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಪ್ರಾಸ್ಟೇಟ್ ತೊಂದರೆ ಇರುವವನಿಗೆ ರಾತ್ರಿ ಬಸ್ಸು ಅಂದರೆ ಏನು ಅಂತ ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ವಂತ ಕಾರಾದರೆ ಬೇಕಾದಲ್ಲಿ ನಿಲ್ಲಿಸಬಹುದು, ಅಲ್ವಾ?

ಮಗಳು ಮೂರು ಷರತ್ತು ಹಾಕಿದಳು. ಕಣ್ಣು ತೋರಿಸಬೇಕು, ಲೈಸೆನ್ಸ್ ನವೀಕರಿಸಬೇಕು, ಡ್ರೈವಿಂಗ್ ಸ್ಕೂಲಿಗೆ ಮತ್ತೆ ಹೋಗಬೇಕು. ನ್ಯಾಯವಾದ ಮಾತೇ.

ಕಣ್ಣಿನ ಡಾಕ್ಟರು ನೋಡಿ ಎಡಗಣ್ಣಿಗೆ ಪೊರೆ ಬಂದಿದೆ ಅಂದರು. ಆಪರೇಷನ್ ಆಗಿ, ಕಣ್ಣಿಗೆ ಔಷಧಿ ಬಿಡುವುದು ಮುಗಿದು, ಹೊಸ ಕನ್ನಡಕ ಬರುವಷ್ಟರಲ್ಲಿ ತಿಂಗಳು ಕಳೆಯಿತು. ಈ ಕೆಲಸವನ್ನು ಲೈಸೆನ್ಸಿಗಿಂತ ಮುಂಚೆ ಮುಗಿಸಿಕೊಂಡರೆ ಒಳ್ಳೆಯದು, ಯಾಕೆಂದರೆ ನವೀಕರಣಕ್ಕೆ ಡಾಕ್ಟರು ಸಹಿ ಹಾಕಿದ ಫಾರಂ 1ಎ ಬೇಕು, ಅದರಲ್ಲಿ ದೃಷ್ಟಿಯ ವಿಷಯ ಬರುತ್ತದೆ. 55 ದಾಟಿದವರಿಗೆ ಲೈಸೆನ್ಸ್ ಒಂದು ಸಲಕ್ಕೆ ಐದು ವರ್ಷಕ್ಕೆ ಮಾತ್ರ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟ್ರ್ಯಾಕ್ ಮೇಲೆ ಟೆಸ್ಟ್ ಕೊಡಬೇಕು. ಎಪ್ಪತ್ತಾದ ಮೇಲೆ ಲೈಸೆನ್ಸ್ ಕೊಡೋದಿಲ್ಲ ಅಂತ ವಾಕಿಂಗ್ ಗೆಳೆಯರು ಗಟ್ಟಿಯಾಗಿ ವಾದ ಮಾಡುತ್ತಾರಲ್ಲ, ಅದು ಸುಳ್ಳು. ಅಂಥ ಮಿತಿ ಕಾನೂನಿನಲ್ಲಿ ಇಲ್ಲ.

ಡ್ರೈವಿಂಗ್ ಸ್ಕೂಲಿನಲ್ಲಿ ನನ್ನ ಬ್ಯಾಚಿನವರೆಲ್ಲ ಕಾಲೇಜು ಹುಡುಗರು, ಮದುವೆ ಗೊತ್ತಾದ ಹೆಣ್ಣುಮಕ್ಕಳು. ಕಲಿಸುವವನಿಗೆ ನನ್ನ ಮಗನಿಗಿಂತ ಕಡಿಮೆ ವಯಸ್ಸು. "ಸಾರ್, ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀರಲ್ಲ, ಅದೇನು ಕಾಲು ಇಡೋ ಮಣೆಯಾ?" ಅಂತ ರೇಗಿಸುತ್ತಿದ್ದ. ಬಿ.ಎಚ್. ರಸ್ತೆಯ ಗದ್ದಲದಲ್ಲಿ ಸ್ವಲ್ಪ ದಿನ, ಆಮೇಲೆ ದೇವರಾಯನದುರ್ಗದ ತಿರುವುಗಳಲ್ಲಿ. ಬೆಟ್ಟದ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಗಾಡಿ ನಿಲ್ಲಿಸಿ ಮತ್ತೆ ಎತ್ತುವುದು ಬಂದ ದಿನ, ಇಳಿದು ನಾಮದ ಚಿಲುಮೆ ಹತ್ತಿರ ಅವನಿಗೆ ಟೀ ಕೊಡಿಸಿದೆ.

ಹೊರಡುವ ಮುಂಚೆ ಇನ್ನೊಂದು ತೊಡಕು ಬಂತು. ಫಾಸ್ಟ್ಯಾಗ್ ಅವಳ ಹೆಸರು, ಅವಳ ಮೊಬೈಲ್ ನಂಬರಿನಲ್ಲಿತ್ತು. ಆ ನಂಬರು ಆಗಲೇ ಬಂದ್ ಆಗಿತ್ತು, ಒಟಿಪಿ ಬರೋದಿಲ್ಲ. ಒಂದು ಗಾಡಿಗೆ ಒಂದೇ ಟ್ಯಾಗ್ ಅನ್ನುವ ನಿಯಮ ಇರೋದರಿಂದ ಹಳೇದು ಮುಚ್ಚದೆ ಹೊಸದು ಓಡೋದಿಲ್ಲ. ಮರಣ ಪತ್ರ ಮತ್ತು ಹೊಸ ಆರ್‌ಸಿ ಕಳಿಸಿ ಮುಚ್ಚಿಸಬೇಕಾಯಿತು. ಆದ್ದರಿಂದ ತೀರಿಕೊಂಡವರ ಸಿಮ್ ಅನ್ನು ಅವಸರಪಟ್ಟು ಬಿಡಬೇಡಿ, ಒಂದು ವರ್ಷವಾದರೂ ರೀಚಾರ್ಜ್ ಮಾಡಿಸುತ್ತಿರಿ. ಹೊಸ ಟ್ಯಾಗ್ ಬಂದ ಮೇಲೆ ವಾರ್ಷಿಕ ಪಾಸ್ ಮಾಡಿಸಿಕೊಂಡೆ. 2025ರ ಆಗಸ್ಟ್ 15ರಿಂದ ಬಂದಿದ್ದು. ನಾನು ಮಾಡಿಸಿದಾಗ 3,000 ರೂಪಾಯಿ, 200 ಸಲ ಟೋಲ್ ದಾಟಬಹುದು ಅಥವಾ ಒಂದು ವರ್ಷ. ರಾಷ್ಟ್ರೀಯ ಹೆದ್ದಾರಿಯ ಟೋಲಿಗೆ ಮಾತ್ರ ನಡೆಯುತ್ತದೆ, ರಾಜ್ಯ ಹೆದ್ದಾರಿಯಲ್ಲಿ ಬೇರೆ ದುಡ್ಡು ಕಟ್ ಆಗುತ್ತದೆ. ಒಂದೇ ಪ್ರಯಾಣಕ್ಕೆ ಪಾಸ್ ಬೇಡ. ವರ್ಷದಲ್ಲಿ ಮತ್ತೆ ಹೊರಡುವ ಮನಸ್ಸಿದ್ದರೆ ಮಾತ್ರ ಲಾಭ. ಮಾಡಿಸುವಾಗಲೇ ನನಗೆ ಆ ಮನಸ್ಸಿತ್ತು ಅಂತ ಈಗ ಅನ್ನಿಸುತ್ತದೆ.

ಡಿಸೆಂಬರ್ ಕೊನೆಯಲ್ಲಿ ಹೊರಟೆ. ಬಯಲುಸೀಮೆಗೆ, ಅದರಲ್ಲೂ ಉತ್ತರದ ಕಡೆಗೆ, ಹೋಗುವುದಾದರೆ ಡಿಸೆಂಬರ್, ಜನವರಿಯೇ ಸರಿ. ಬೇಸಿಗೆಯಲ್ಲಿ ನಮ್ಮ ವಯಸ್ಸಿನವರು ಆ ಕಡೆ ತಲೆ ಹಾಕಬಾರದು. ನಾನೇ ಹಾಕಿಕೊಂಡ ನಿಯಮ, ದಿನಕ್ಕೆ 200 ಕಿಲೋಮೀಟರ್ ದಾಟಬಾರದು, ಸಂಜೆ ಐದಕ್ಕೆ ಎಲ್ಲಿದ್ದರೂ ಗಾಡಿ ನಿಲ್ಲಬೇಕು, ಗಂಟೆಗೊಮ್ಮೆ ಇಳಿದು ನಡೆಯಬೇಕು. ಬಿಪಿ, ಸಕ್ಕರೆ ಮಾತ್ರೆ ಎರಡು ಕಡೆ ಇಟ್ಟಿದ್ದೆ, ಬ್ಯಾಗಿನಲ್ಲಿ ಅರ್ಧ, ಕಾರಿನಲ್ಲಿ ಅರ್ಧ. ಡಾಕ್ಟರ ಚೀಟಿಯ ಫೋಟೋ ಮೊಬೈಲಿನಲ್ಲಿ. ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ. ಅದನ್ನು ಹಿಡಿದುಕೊಳ್ಳುವವರು ಇಲ್ಲದೆ ಶಿರಾ ದಾಟುವಷ್ಟರಲ್ಲಿ ನಾಲ್ಕು ಸಲ ಕೆಳಗೆ ಉರುಳಿತು. ಕರ್ಜೀವನಹಳ್ಳಿ ಟೋಲಿನಲ್ಲಿ ಗೇಟು ತಾನಾಗಿ ಎದ್ದಾಗ ಮಾತ್ರ, ಟ್ಯಾಗ್‌ಗಾಗಿ ಪಟ್ಟ ಪಾಡೆಲ್ಲ ನೆನಪಾಗಿ ಒಬ್ಬನೇ ನಕ್ಕೆ.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ವಾಣಿ ವಿಲಾಸ ಸಾಗರ ನೋಡಿದೆ. ನಮ್ಮ ಕಡೆ ಎಲ್ಲರೂ ಮಾರಿಕಣಿವೆ ಅಂತಲೇ ಅನ್ನೋದು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಚಿತ್ರದುರ್ಗದ ಕೋಟೆಯಲ್ಲಿ ಮಂಡಿ ಒಪ್ಪಲಿಲ್ಲ, ಮೂರನೇ ಬಾಗಿಲಿನ ಹತ್ತಿರ ಕಲ್ಲಿನ ಮೇಲೆ ಕೂತು ವಾಪಸ್ ಬಂದೆ. ಹಂಪಿಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ತುಂಗಭದ್ರಾ ಅಣೆಕಟ್ಟಿನಲ್ಲಿ 33 ಗೇಟುಗಳ ಸಾಲು ನೋಡುತ್ತಾ, 2024ರ ಆಗಸ್ಟಿನಲ್ಲಿ ಚೈನ್ ಕಡಿದು ಕೊಚ್ಚಿಹೋದ 19ನೇ ಗೇಟು ಯಾವುದು ಅಂತ ಎಲ್ಲರ ಹಾಗೆ ನಾನೂ ಎಣಿಸಿದೆ.

ರಾತ್ರಿ ತಂಗುವ ವಿಷಯಕ್ಕೆ ಬರೋಣ. ಇದು ನಾನು ಎಣಿಸದೇ ಇದ್ದ ತೊಂದರೆ. ದಾರಿಯಲ್ಲಿನ ಒಂದು ಊರಿನ ಲಾಡ್ಜಿನಲ್ಲಿ ರೂಮ್ ಖಾಲಿ ಇದ್ದರೂ ಕೊಡಲಿಲ್ಲ. ಮ್ಯಾನೇಜರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ಬಗ್ಗಿ ನೋಡಿದ. "ಅಜ್ಜಾರ, ಒಬ್ರ ಬಂದೀರೇನ್ರಿ? ಮನಿಯವರು?" ಇಲ್ಲ ಅಂದೆ. ತೀರಿಹೋದರು ಅಂದ ಮೇಲಂತೂ ಅವನ ಮುಖವೇ ಬದಲಾಯಿತು. ಎರಡನೇ ಕಡೆಯೂ ಇದೇ ಕತೆ. ಅಲ್ಲಿನ ಹುಡುಗ ಕೊನೆಗೆ ನಿಜ ಹೇಳಿದ. ಒಬ್ಬಂಟಿಯಾಗಿ ಬಂದ ವಯಸ್ಸಾದವರು ರೂಮಿನಲ್ಲಿ ಏನಾದರೂ ಮಾಡಿಕೊಂಡರೆ ಪೊಲೀಸು, ಕೇಸು ಅಂತ ಓನರ್ ಹೆದರುತ್ತಾರಂತೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿಂದಿನ ವರ್ಷ ಇದೇ ಹೊತ್ತಿನಲ್ಲಿ ನಾನು ಇದ್ದ ಸ್ಥಿತಿ ನೆನೆಸಿಕೊಂಡರೆ ಅವರ ಭಯದಲ್ಲಿ ಅರ್ಥವಿತ್ತು. ಮಗಳಿಗೆ ವಿಡಿಯೋ ಕಾಲ್ ಮಾಡಿ ಅವನ ಕೈಗೆ ಫೋನ್ ಕೊಟ್ಟೆ. ಅವಳು, "ನಮ್ಮಪ್ಪಾಜಿ ಸುಮ್ನೆ ಊರು ನೋಡೋಕೆ ಬಂದಿದಾರೆ, ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಟೀ ಕೊಡಿ" ಅಂದಳು. ರೂಮ್ ಸಿಕ್ಕಿತು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಟೀ ಕೂಡ ಬಂತು.

ಒಬ್ಬರೇ ಹೊರಡುವವರು ರೂಮ್ ಮೊದಲೇ ಬುಕ್ ಮಾಡಿ, ಆಧಾರ್ ಮೂಲ ಪ್ರತಿ ಇಟ್ಟುಕೊಳ್ಳಿ, ಮನೆಯವರೊಬ್ಬರ ನಂಬರು ಚೀಟಿಯಲ್ಲಿ ಬರೆದು ಕೌಂಟರಿನಲ್ಲಿ ಕೇಳುವ ಮೊದಲೇ ಕೊಡಿ. ಆಮೇಲೆ ನಾನು ಆದಷ್ಟೂ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳನ್ನೇ ಹಿಡಿದೆ. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ. ಆವರಣದೊಳಗೆ ಗಾಡಿ ನಿಲ್ಲಿಸಬಹುದು, ನೆಲಮಹಡಿಯ ರೂಮ್ ಕೇಳಿದರೆ ಕೊಡುತ್ತಾರೆ.

ಇಳಕಲ್ ದಾಟಿದ ಮೇಲೆ ಒಂದು ಖಾನಾವಳಿ. ತಗಡಿನ ಮಾಡು, ನಾಲ್ಕು ಮೇಜು. ಒಳಗಿಂದ ರೊಟ್ಟಿ ಬಡಿಯುವ ಸದ್ದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ. ನಾನು ರಾಗಿ ಮುದ್ದೆಯವನು, ಜೋಳದ ರೊಟ್ಟಿ ಒಂದು ತಿಂದರೆ ಹೆಚ್ಚು. ಒಲೆ ಮುಂದಿದ್ದ ಅಮ್ಮ, "ಅಜ್ಜಾರ, ಬಿಸಿ ಐತಿ, ಇನ್ನೊಂದು ತಗೋರಿ" ಅಂತ ತಟ್ಟೆಗೆ ಹಾಕುತ್ತಲೇ ಹೋದರು. ನಾನೂ ತಿನ್ನುತ್ತಲೇ ಹೋದೆ. ಅವಳು ಹೋದ ಮೇಲೆ ಗಂಟೆ ನೋಡಿ ಊಟ ಮಾಡುತ್ತಿದ್ದೆ, ಮಾತ್ರೆ ನುಂಗಬೇಕಲ್ಲ ಅಂತ. ಹಸಿದು ತಿಂದಿದ್ದು ಅವತ್ತೇ. ತಿಂದು ಮುಗಿಸಿದ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು, ಅವಳಿಲ್ಲದೆ ಇಷ್ಟು ಚೆನ್ನಾಗಿ ಉಂಡೆನಲ್ಲ ಅಂತ. ಆ ನಾಚಿಕೆ ವಿಜಯಪುರ ತಲುಪುವವರೆಗೂ ಇತ್ತು. ಇದೇ ಹಾದಿಯಲ್ಲಿರುವವರಿಗೆ ಹೇಳಿಬಿಡುತ್ತೇನೆ, ಅದು ಬರುತ್ತದೆ. ಬಂದರೆ ಬರಲಿ, ಊಟ ಬಿಡಬೇಡಿ.

ಬಾದಾಮಿ ಗುಹೆಗಳ ಮೆಟ್ಟಿಲು ನಿಧಾನವಾಗಿ ಹತ್ತಿದರೆ ಆಗುತ್ತದೆ. ಕೋತಿಗಳಿಂದ ಕನ್ನಡಕ ಜೋಪಾನ. ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನ ಇದೆ. ವಿಜಯಪುರದ ಗೋಳಗುಮ್ಮಟ ಮಾತ್ರ ಮಂಡಿಗೆ ಶಿಕ್ಷೆ. ಮೂಲೆಯ ಗೋಪುರದೊಳಗೆ ಏಳು ಅಂತಸ್ತು, ಕಡಿದಾದ ಕಿರಿದು ಮೆಟ್ಟಿಲು. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ ಅಂತ ಹೋದೆ, ಅಷ್ಟರಲ್ಲಾಗಲೇ ಶಾಲೆ ಮಕ್ಕಳ ಎರಡು ಬಸ್ಸು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಎಲ್ಲಿ ಬಂತು, ಕಿರುಚಾಟವೇ. ಒಬ್ಬ ಹುಡುಗ ನನ್ನ ಅಂಗಿ ಜಗ್ಗಿ, "ಅಜ್ಜಾ, ನೀವೂ ಒದರ್ರಿ" ಅಂದ. ಏನು ಕೂಗಬೇಕೋ ಹೊಳೆಯಲಿಲ್ಲ. "ತುಮಕೂರು" ಅಂತ ಕೂಗಿದೆ. ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು. ಮಕ್ಕಳು ಅದನ್ನೇ ಹಿಡಿದು ತುಮಕೂರು ತುಮಕೂರು ಅಂತ ಬಸ್ ಕಂಡಕ್ಟರುಗಳ ಹಾಗೆ ಕೂಗಲು ಶುರು ಮಾಡಿದರು. ಅವರ ಮೇಷ್ಟ್ರು ಬಂದು ನನ್ನನ್ನೂ ಸೇರಿಸಿ ಗದರಿದರು.

ಕಲಬುರಗಿಯಲ್ಲಿ ಗೆಳೆಯ ಬಾಗಿಲಲ್ಲೇ ನಿಂತಿದ್ದ. ಅಲ್ಲಿ ಸ್ವಲ್ಪ ದಿನ ಇದ್ದು ಇಬ್ಬರೂ ಬೀದರ್‌ಗೆ ಹೋದೆವು. ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ, ನಾನಕ್ ಝೀರಾ ಗುರುದ್ವಾರದ ಊಟ ಎಲ್ಲ ಆಯಿತು. ಆದರೆ ನನ್ನ ಇಡೀ ಪ್ರಯಾಣದಲ್ಲಿ ಒಂದು ಜಾಗ ಮಾತ್ರ ಮತ್ತೆ ನೋಡಬೇಕು ಅಂದರೆ ಆ ಊರಿನ ಗಲ್ಲಿಯ ಒಂದು ಬಿದ್ರಿ ಕೆಲಸದ ಮನೆ.

ಕೆಲಸಗಾರ ನೆಲದ ಮೇಲೆ ಕೂತು ಒಂದು ಪುಟ್ಟ ಹೂಜಿ ಹಿಡಿದಿದ್ದ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದಿದ್ದು. ಗೆರೆ ಎದ್ದು ಕಾಣಲಿ ಅಂತ ಮೊದಲು ಮೈಲುತುತ್ತ ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾರೆ. ಆಮೇಲೆ ಸೂಜಿಯಂಥ ಉಳಿಯಿಂದ ಬಳ್ಳಿ, ಎಲೆ ಕೊರೆಯುವುದು. ಆ ಗೆರೆಯೊಳಗೆ ಕೂದಲಿನಷ್ಟು ತೆಳ್ಳನೆ ಬೆಳ್ಳಿ ತಂತಿ ಇಟ್ಟು ಪುಟ್ಟ ಸುತ್ತಿಗೆಯಿಂದ ತಟ್ಟುವುದು. ಕೊನೆಗೆ ಕೋಟೆಯೊಳಗಿನ ಮಣ್ಣಿಗೆ ನವಸಾಗರ ಕಲಸಿ ಕುದಿಸಿ ಅದರಲ್ಲಿ ಅದ್ದಿದರೆ ಲೋಹ ಪೂರ್ತಿ ಕಪ್ಪಾಗುತ್ತದೆ, ಬೆಳ್ಳಿಗೆ ಮಾತ್ರ ಏನೂ ಆಗೋದಿಲ್ಲ. ಈ ಕಸುಬು ಬೀದರಿನದೇ ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದ್ದು 2006ರಲ್ಲಿ. ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ನಾವಿಬ್ಬರು ಮುದುಕರು ಅಲ್ಲೇ ಚಾಪೆ ಮೇಲೆ ಕೂತುಬಿಟ್ಟೆವು. ನನ್ನ ಕಣ್ಣು ಹೂಜಿಯ ಮೇಲಿರಲಿಲ್ಲ, ಅವನ ಎಡಗೈ ಹೆಬ್ಬೆರಳಿನ ಮೇಲಿತ್ತು. ತಂತಿ ಜಾರದ ಹಾಗೆ ಹೆಬ್ಬೆರಳ ಉಗುರಿನಿಂದ ಒತ್ತಿಕೊಂಡು, ಉಳಿದ ಬೆರಳುಗಳಿಂದ ಹೂಜಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದ. ವಾಚಿನ ಬ್ಯಾಲೆನ್ಸ್ ಚಕ್ರ ಕೂರಿಸುವಾಗ ನಾವು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ, ಚಿಮಟ ಹಿಡಿದು. ಗೆಳೆಯ ನನ್ನ ಮೊಣಕೈ ತಿವಿದ. ಅವನೂ ಅದನ್ನೇ ನೋಡುತ್ತಿದ್ದ. ನಾವು ವಾಚ್ ಫ್ಯಾಕ್ಟರಿಯವರು ಅಂತ ಹೇಳಿದ ಮೇಲೆ ಕೆಲಸಗಾರ ಕೈ ನಿಲ್ಲಿಸಿ, "ಕಾಕಾ, ಹಿಂಗಾದ್ರ ನೀವೇ ಒಂದು ತಾರು ಕೂಡಿಸ್ರಿ" ಅಂತ ಹಳೇ ತುಂಡೊಂದನ್ನು ಕೊಟ್ಟ. ಉಸಿರು ಬಿಗಿಹಿಡಿದು ಕೂರಿಸಿದೆ. ಕೈ ನಡುಗಲಿಲ್ಲ. ಎಡಗಣ್ಣಿಗೆ ಬೆಳ್ಳಿ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆವೋ, ಮಧ್ಯಾಹ್ನದ ಮಾತ್ರೆ ನೆನಪಾದಾಗ ಸಂಜೆ ನಾಲ್ಕಾಗಿತ್ತು. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ನಾನು ಒಬ್ಬನೇ ಆಗಿಬಿಟ್ಟೆ ಅನ್ನೋದು ತಲೆಗೆ ಬಂದಿರಲಿಲ್ಲ. ಒಂದು ಜೊತೆ ಬೆಂಡೋಲೆ ಕೊಂಡೆ, ಮಗಳಿಗೆ.

ಬರುವಾಗ ಗೆಳೆಯನನ್ನು ಕಲಬುರಗಿಯಲ್ಲಿ ಇಳಿಸಿ, ಜೇವರ್ಗಿಯಿಂದ 150ಎ ಹೆದ್ದಾರಿ ಹಿಡಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಬಳ್ಳಾರಿ, ಚಳ್ಳಕೆರೆ ಮೇಲೆ ಹಿರಿಯೂರಿಗೆ ಬರುವ ರಸ್ತೆ. ಅದೇ ರಸ್ತೆ ಮುಂದೆ ನಮ್ಮ ಜಿಲ್ಲೆಯ ಹುಳಿಯಾರು, ಚಿಕ್ಕನಾಯಕನಹಳ್ಳಿಯನ್ನೂ ಮುಟ್ಟುತ್ತದೆ. ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನ ನೋಡಿ. 1915ರಲ್ಲಿ ಸಿಕ್ಕಿದ್ದು, ಅಶೋಕ ಅನ್ನುವ ಹೆಸರೇ ಇರುವುದು ಅದರ ವಿಶೇಷ. ಸಿಂಧನೂರಿನ ಹತ್ತಿರ ಪಂಕ್ಚರ್ ಆಯಿತು. ಭತ್ತದ ಮೂಟೆ ಹೊತ್ತು ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಲ್ಲಿಸಿ, ನನ್ನನ್ನು ನೆರಳಲ್ಲಿ ಕೂರಿಸಿ, ಸ್ಟೆಪ್ನಿ ಹಾಕಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಹೊರಡುವ ಮುಂಚೆ ಸ್ಟೆಪ್ನಿಗೂ ಗಾಳಿ ನೋಡಿಸಿ, ಎಲ್ಲರೂ ನಾಲ್ಕು ಚಕ್ರ ಮಾತ್ರ ನೋಡಿಸುತ್ತಾರೆ.

ಖರ್ಚಿನ ಲೆಕ್ಕ ಕೇಳುವವರಿಗೆ. ಪೆಟ್ರೋಲಿಗೆ ಹನ್ನೆರಡು ಸಾವಿರದ ಹತ್ತಿರ. ರೂಮಿಗೆ ದಿನಕ್ಕೆ ಸಾವಿರದಿಂದ ಎರಡೂವರೆ ಸಾವಿರ. ಊಟ ತಿಂಡಿಗೆ ದಿನಕ್ಕೆ ನಾನೂರು ಸಾಕು. ಸ್ಮಾರಕಗಳ ಟಿಕೆಟ್ಟು ಇಪ್ಪತ್ತೈದೋ ನಲವತ್ತೋ ರೂಪಾಯಿ. ಹೊರಡುವ ಮುಂಚಿನ ಬ್ಯಾಟರಿ, ಸರ್ವೀಸು, ಇನ್ಶೂರೆನ್ಸ್ ಬೇರೆ. ಇನ್ಶೂರೆನ್ಸ್ ಮಾಡಿಸುವಾಗ ಒಂದು ವಿಷಯ ಕೇಳಿ ನೋಡಿ. ತೀರಿಕೊಂಡವರ ಹೆಸರಿನಲ್ಲಿದ್ದ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದೇ ಇದ್ದುದಕ್ಕೆ ಕೊಡುವ ರಿಯಾಯಿತಿ, ಗಂಡನಿಗೆ ಅಥವಾ ಹೆಂಡತಿಗೆ ಬರುತ್ತದೆ. ನಾವು ಕೇಳಿದ್ದಕ್ಕೇ ಕೊಟ್ಟರು.

ಇನ್ನೊಂದು ಕೆಲಸ ಬಂದ ಮೇಲೆ ಮುಗಿಸಿದೆ. ಆರ್‌ಸಿಗೆ ನಾಮಿನಿ ಸೇರಿಸಲು 2021ರಿಂದ ಅವಕಾಶ ಇದೆ. ಮಗಳ ಹೆಸರು ಕೊಟ್ಟಿದ್ದೇನೆ. ನಾನು ಪಟ್ಟ ಓಡಾಟ ಅವಳಿಗೆ ಬೇಡ. ಅಟ್ಟದ ಮೇಲಿದ್ದ ಚಿಮಟ, ಸ್ಕ್ರೂಡ್ರೈವರುಗಳ ಡಬ್ಬಿಯನ್ನೂ ಕೆಳಗಿಳಿಸಿದೆ. ನಿಂತುಹೋದ ಎಚ್‌ಎಂಟಿ ವಾಚು ಬೀದಿಗೆ ಎರಡು ಸಿಗುತ್ತವೆ ಈ ಊರಿನಲ್ಲಿ. ವಾಕಿಂಗ್ ಗೆಳೆಯರು ಒಬ್ಬೊಬ್ಬರಾಗಿ ತಂದು ಕೊಡುತ್ತಿದ್ದಾರೆ. ಮುಂದಿನ ಎರಡು ಟೈರು ಸವೆದಿವೆ ಅಂತ ಮೆಕ್ಯಾನಿಕ್ ಹೇಳಿದ್ದಾನೆ. ಟೋಲ್ ಪಾಸ್ ಇನ್ನೂ ತಿಂಗಳುಗಟ್ಟಲೆ ನಡೆಯುತ್ತದೆ. ಮಳೆ ಹಿಡಿಯುವುದರೊಳಗೆ ಶಿರಾಡಿ ಘಾಟಿ ಇಳಿದು ಕರಾವಳಿ ನೋಡಬೇಕು, ಗೆಳೆಯನೂ ರೈಲಿನಲ್ಲಿ ಬರುತ್ತೇನೆ ಅಂದಿದ್ದಾನೆ.